ಚಳಿಗಾಲಕ್ಕೆ ದೋಣಿಯ ಎಂಜಿನ್: ಒಳಗುಳಿದ ನೀರೇ ಶತ್ರು

ಉತ್ತರ ಅಮೆರಿಕದ ಗ್ರೇಟ್ ಲೇಕ್ಸ್ ಪ್ರದೇಶದಲ್ಲಿ ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ವಿಹಾರ ದೋಣಿಗಳನ್ನು ನೀರಿನಿಂದ ಮೇಲೆತ್ತುವ ಕೆಲಸ ಆರಂಭವಾಗುತ್ತದೆ. ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳಲ್ಲೂ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲೂ ಒಳನಾಡಿನ ಸರೋವರಗಳು ತಿಂಗಳುಗಟ್ಟಲೆ ಹೆಪ್ಪುಗಟ್ಟಿರುತ್ತವೆ. ಮುಂದಿನ ವಸಂತದವರೆಗೆ ದೋಣಿಗಳು ಬಯಲಿನಲ್ಲೋ ಬಿಸಿ ಮಾಡದ ಶೆಡ್ಡುಗಳಲ್ಲೋ ಹೊದಿಕೆಯಡಿ ನಿಂತಿರುತ್ತವೆ. ಅದಕ್ಕೆ ಮುನ್ನ ಎಂಜಿನ್ನನ್ನು ಚಳಿಗೆ ಸಜ್ಜುಗೊಳಿಸುವುದು ಅಲ್ಲಿನ ದೋಣಿ ಮಾಲೀಕರ ವಾರ್ಷಿಕ ಕರ್ತವ್ಯ. ಆ ಒಂದು ದಿನದ ಕೆಲಸದಲ್ಲಿ ತಪ್ಪಿದರೆ ಇಡೀ ಎಂಜಿನ್ನನ್ನೇ ಬದಲಿಸಬೇಕಾದೀತು.

ದೋಣಿಯ ಹಿಂಬದಿಗೆ ಹೊರಗಿನಿಂದ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿದರೆ ಅದರೊಳಗಿನ ನೀರು ಬಹುಮಟ್ಟಿಗೆ ತಾನಾಗಿಯೇ ಇಳಿದುಹೋಗುತ್ತದೆ. ದೋಣಿಯ ಒಡಲೊಳಗೆ ಕೂರಿಸಿದ ಇನ್‌ಬೋರ್ಡ್ ಎಂಜಿನ್‌ಗೆ ಆ ಸೌಲಭ್ಯವಿಲ್ಲ. ಅದರ ತಗ್ಗುಗಳಲ್ಲಿ, ಕೊಳವೆಗಳ ಬಾಗುಗಳಲ್ಲಿ, ಪಂಪಿನಲ್ಲಿ ನೀರು ನಿಂತೇ ಇರುತ್ತದೆ.

ಅಪಾಯ ಎಲ್ಲಿದೆ?

ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹೆಚ್ಚುತ್ತದೆ. ಹಿಗ್ಗಲು ಸ್ಥಳವಿಲ್ಲದ ಕಡೆ ಅದು ಉಂಟುಮಾಡುವ ಒತ್ತಡವನ್ನು ಎರಕದ ಕಬ್ಬಿಣ ತಾಳಲಾರದು. ಎಂಜಿನ್ನಿನ ಬ್ಲಾಕ್ ಅಥವಾ ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಬಿರುಕು ಬಿಡುತ್ತದೆ. ಕೆಲವು ಗಂಟೆಗಳ ಕಡು ಚಳಿ ಇದಕ್ಕೆ ಸಾಕು. ಬ್ಲಾಕಿನ ಪಕ್ಕಗಳಲ್ಲಿರುವ ಲೋಹದ ಬಿಲ್ಲೆಗಳು ಒತ್ತಡಕ್ಕೆ ಹೊರಬಿದ್ದು ಎಂಜಿನ್ನನ್ನು ಕಾಪಾಡುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅವು ಎರಕದ ಮರಳನ್ನು ತೆಗೆಯಲು ಬಿಟ್ಟ ರಂಧ್ರಗಳ ಮುಚ್ಚಳಗಳು. ಅವುಗಳಿಂದ ರಕ್ಷಣೆ ನಿರೀಕ್ಷಿಸುವಂತಿಲ್ಲ.

ಈ ಹಾನಿ ಆದ ದಿನವೇ ಕಣ್ಣಿಗೆ ಬೀಳುವುದಿಲ್ಲ. ಒಳಗಿನ ಮಂಜುಗಡ್ಡೆಯೇ ಬಿರುಕನ್ನು ಮುಚ್ಚಿಕೊಂಡಿರುತ್ತದೆ. ವಸಂತದಲ್ಲಿ ಎಂಜಿನ್ ಚಾಲೂ ಮಾಡಿದಾಗ ದೋಣಿಯ ತಳದಲ್ಲಿ ನೀರು ತುಂಬುವುದರಿಂದಲೋ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುವುದರಿಂದಲೋ ವಿಷಯ ತಿಳಿಯುತ್ತದೆ. ಉಪ್ಪುನೀರಿನಲ್ಲಿ ಓಡಿದ ದೋಣಿಗೂ ವಿನಾಯಿತಿಯಿಲ್ಲ. ಸಮುದ್ರದ ನೀರು ಹೆಪ್ಪುಗಟ್ಟಲು ಸುಮಾರು ಮೈನಸ್ 2 ಡಿಗ್ರಿ ಸೆಲ್ಸಿಯಸ್ ಸಾಕು.

ಎರಡು ಬಗೆಯ ತಂಪು ವ್ಯವಸ್ಥೆ

ಮೊದಲು ತಿಳಿಯಬೇಕಾದದ್ದು ಎಂಜಿನ್ ಹೇಗೆ ತಂಪಾಗುತ್ತದೆ ಎಂಬುದನ್ನು. ಒಂದು ಬಗೆಯಲ್ಲಿ ಕೆರೆಯ ಅಥವಾ ಸಮುದ್ರದ ನೀರನ್ನೇ ಪಂಪ್ ಸೆಳೆದು ಬ್ಲಾಕಿನ ಮೂಲಕ ಹರಿಸಿ ಹೊಗೆಯೊಂದಿಗೆ ಹೊರಬಿಡುತ್ತದೆ. ಇನ್ನೊಂದು ಬಗೆಯಲ್ಲಿ ಕಾರಿನಂತೆ ಬ್ಲಾಕಿನೊಳಗೆ ಕೂಲೆಂಟ್ ಮಾತ್ರ ಸುತ್ತುತ್ತಿದ್ದು, ಹೊರಗಿನ ನೀರು ಹೀಟ್ ಎಕ್ಸ್‌ಚೇಂಜರಿನಲ್ಲಿ ಅದರ ಶಾಖವನ್ನು ಹೀರಿಕೊಳ್ಳುತ್ತದೆ.

ಎರಡನೆಯ ಬಗೆಯ ಎಂಜಿನ್ ಉಳ್ಳವರು ತಮಗೆ ಚಿಂತೆಯಿಲ್ಲವೆಂದು ಭಾವಿಸುವುದುಂಟು. ಬ್ಲಾಕ್ ಸುರಕ್ಷಿತವಿದ್ದರೂ ಹೊರಗಿನ ನೀರು ಹರಿಯುವ ಪಂಪ್, ಹೀಟ್ ಎಕ್ಸ್‌ಚೇಂಜರ್, ಆಯಿಲ್ ಕೂಲರ್, ಸೈಲೆನ್ಸರ್ ಇವೆಲ್ಲವೂ ಚಳಿಗೆ ತೆರೆದೇ ಇರುತ್ತವೆ. ಕೂಲೆಂಟ್ ಹಳೆಯದಾಗಿದ್ದರೆ ಅಥವಾ ನೀರು ಸೇರಿ ತೆಳುವಾಗಿದ್ದರೆ ಬ್ಲಾಕಿಗೂ ಭರವಸೆಯಿಲ್ಲ. ಎಥಿಲೀನ್ ಗ್ಲೈಕಾಲ್ ಮತ್ತು ನೀರಿನ ಸಮಪಾಲು ಮಿಶ್ರಣ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟದು. ಅಗ್ಗದ ಪರೀಕ್ಷಾ ಉಪಕರಣದಿಂದ ಇದನ್ನು ವರ್ಷಕ್ಕೊಮ್ಮೆ ಅಳೆಯಬೇಕು.

ಕೆಲಸದ ಅನುಕ್ರಮ

ಎಂಜಿನ್ ಓಡುತ್ತಿರುವಾಗ ಮಾಡಬೇಕಾದ ಕೆಲಸಗಳನ್ನು ಮೊದಲು ಮುಗಿಸಿ, ನೀರು ತೆಗೆಯುವ ಕೆಲಸವನ್ನು ಆಮೇಲೆ ಕೈಗೆತ್ತಿಕೊಳ್ಳುವುದು ಸರಿಯಾದ ಕ್ರಮ. ಪ್ರತಿ ಎಂಜಿನ್ನಿನ ರಚನೆ ಬೇರೆಯಾದ್ದರಿಂದ ತಯಾರಕರ ಕೈಪಿಡಿಯೇ ಅಂತಿಮ ಪ್ರಮಾಣ.

1. ಇಂಧನ: ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಕೆಡುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನೂ ಹೀರುತ್ತದೆ. ಮಿತಿ ಮೀರಿದಾಗ ನೀರು ಮತ್ತು ಎಥೆನಾಲ್ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಆದ್ದರಿಂದ ಇಂಧನ ಕೆಡದಂತೆ ತಡೆಯುವ ಸ್ಟೆಬಿಲೈಸರ್ ದ್ರಾವಣವನ್ನು ಬೆರೆಸಿ, ಅದು ಎಂಜಿನ್ನಿನವರೆಗೆ ತಲುಪುವಂತೆ ಕೆಲವು ನಿಮಿಷ ಓಡಿಸಬೇಕು. ಡೀಸೆಲ್ ಟ್ಯಾಂಕನ್ನು ಹಿಗ್ಗಲು ಸ್ವಲ್ಪ ಜಾಗ ಬಿಟ್ಟು ಬಹುತೇಕ ತುಂಬಿಡುವುದು ರೂಢಿ. ಖಾಲಿ ಟ್ಯಾಂಕಿನ ಗೋಡೆಗಳಲ್ಲಿ ತೇವ ಕಟ್ಟುತ್ತದೆ. ನೀರು ಮತ್ತು ಡೀಸೆಲ್ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟಿಕೊಳ್ಳುತ್ತದೆ.

2. ಆಯಿಲ್: ಬಳಸಿದ ಆಯಿಲ್‌ನಲ್ಲಿ ಆಮ್ಲಾಂಶ ಮತ್ತು ತೇವ ಸೇರಿರುತ್ತವೆ. ಅದನ್ನು ಚಳಿಗಾಲವಿಡೀ ಒಳಗೆ ಬಿಟ್ಟರೆ ಬೇರಿಂಗ್‌ಗಳು ಸವೆಯುತ್ತವೆ. ಎಂಜಿನ್ ಬಿಸಿಯಿರುವಾಗಲೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಹೊಸ ಆಯಿಲ್ ಎಲ್ಲೆಡೆ ಹರಡಲು ಮತ್ತೆ ಸ್ವಲ್ಪ ಹೊತ್ತು ಓಡಿಸಬೇಕು. ಗೇರ್‌ಬಾಕ್ಸ್ ಆಯಿಲ್ ಹಾಲಿನ ಬಣ್ಣಕ್ಕಿದ್ದರೆ ಒಳಗೆ ನೀರು ಸೇರಿದೆಯೆಂದೇ ಅರ್ಥ. ಅದರ ಕಾರಣ ಪತ್ತೆಹಚ್ಚದೆ ಮುಂದುವರಿಯಬಾರದು.

3. ನೀರು ಬಸಿಯುವಿಕೆ: ಇಡೀ ಕಾರ್ಯದ ಜೀವಾಳ ಇದೇ. ಬ್ಲಾಕಿನ ಎರಡೂ ಬದಿ, ಮ್ಯಾನಿಫೋಲ್ಡ್‌ಗಳು, ಹೀಟ್ ಎಕ್ಸ್‌ಚೇಂಜರ್, ಪಂಪ್, ನೀರು ಸೋಸುವ ಸ್ಟ್ರೈನರ್ ಹಾಗೂ ಹೊಗೆ ಕೊಳವೆಯ ಸೈಲೆನ್ಸರ್, ಹೀಗೆ ನೀರು ನಿಲ್ಲುವ ಪ್ರತಿ ಸ್ಥಳದ ಬಿರಡೆಯನ್ನು ತೆರೆಯಬೇಕು. ಬಿರಡೆ ತೆಗೆದರೂ ನೀರು ಬಾರದಿದ್ದರೆ ಒಳಗೆ ನೀರಿಲ್ಲವೆಂದು ತೀರ್ಮಾನಿಸುವುದೇ ಅತಿ ದುಬಾರಿ ತಪ್ಪು. ತುಕ್ಕು ಮತ್ತು ಹೂಳು ರಂಧ್ರವನ್ನು ಮುಚ್ಚಿರುವ ಸಂಭವವೇ ಹೆಚ್ಚು. ತಂತಿಯೊಂದನ್ನು ತೂರಿಸಿ ಕೆದಕಿದಾಗ ನೀರು ಭರ್ರನೆ ಹೊರಬೀಳುವುದು ಸಾಮಾನ್ಯ ಅನುಭವ. ಎಷ್ಟು ಬಿರಡೆಗಳಿವೆ ಎಂಬುದನ್ನು ಕೈಪಿಡಿಯಿಂದ ಎಣಿಸಿಕೊಂಡು, ತೆಗೆದ ಬಿರಡೆಗಳನ್ನು ಒಂದೇ ಬಟ್ಟಲಿನಲ್ಲಿ ಹಾಕುತ್ತ ಹೋದರೆ ಲೆಕ್ಕ ತಪ್ಪದು.

4. ಆಂಟಿಫ್ರೀಜ್: ನೀರು ಬಸಿದ ಬಳಿಕವಷ್ಟೇ ಆಂಟಿಫ್ರೀಜ್ ದ್ರಾವಣವನ್ನು ತುಂಬಬೇಕು. ನೀರು ತೆಗೆಯದೆ ಪಂಪಿನ ಮೂಲಕ ದ್ರಾವಣ ಎಳೆಸಿ, ಹೊಗೆ ಕೊಳವೆಯಿಂದ ಗುಲಾಬಿ ಬಣ್ಣ ಹೊರಬಂದೊಡನೆ ಕೆಲಸ ಮುಗಿಯಿತೆಂದು ನಂಬುವವರಿದ್ದಾರೆ. ಎಂಜಿನ್ ತಣ್ಣಗಿದ್ದಾಗ ಥರ್ಮೋಸ್ಟ್ಯಾಟ್ ಮುಚ್ಚಿರುತ್ತದೆ. ಆಗ ದ್ರಾವಣ ಬ್ಲಾಕನ್ನು ಪ್ರವೇಶಿಸದೆ ಪಕ್ಕದ ದಾರಿಯಿಂದ ಹೊರಟುಹೋಗಬಹುದು. ಬ್ಲಾಕಿನಲ್ಲಿ ಹಳೆಯ ನೀರು ಹಾಗೆಯೇ ಉಳಿಯುತ್ತದೆ. ಒಳಗುಳಿದ ನೀರಿನೊಡನೆ ಬೆರೆತು ತೆಳುವಾದ ದ್ರಾವಣಕ್ಕೂ ಬಾಟಲಿಯ ಮೇಲೆ ಬರೆದ ಸಾಮರ್ಥ್ಯ ಇರುವುದಿಲ್ಲ.

ವಸಂತದಲ್ಲಿ ಈ ದ್ರಾವಣ ಮರಳಿ ಸರೋವರವನ್ನೇ ಸೇರುವ ಸಂಭವವಿರುವುದರಿಂದ ಇಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಬಳಸುವುದು ಯೋಗ್ಯ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷಕಾರಿ. ಅದರ ಸಿಹಿ ರುಚಿಗೆ ಮಕ್ಕಳು ಮತ್ತು ಸಾಕುಪ್ರಾಣಿಗಳು ಬಲಿಯಾಗುವ ಅಪಾಯವಿದೆ.

5. ಒಳಭಾಗದ ತುಕ್ಕು ತಡೆ: ಪೆಟ್ರೋಲ್ ಎಂಜಿನ್ನಿನ ಸಿಲಿಂಡರ್‌ಗಳಿಗೆ ತುಕ್ಕು ತಡೆಯುವ ಎಣ್ಣೆಯನ್ನು ಸಿಂಪಡಿಸುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಈ ಎಣ್ಣೆಯೇ ಇಂಧನದಂತೆ ಉರಿದು ಎಂಜಿನ್ ಹತೋಟಿ ತಪ್ಪಬಹುದಾದ್ದರಿಂದ ತಯಾರಕರು ಹೇಳದ ಹೊರತು ಈ ಕ್ರಮ ಸಲ್ಲದು. ಕೊನೆಗೆ ಗಾಳಿಯ ಹಾಗೂ ಹೊಗೆಯ ದ್ವಾರಗಳನ್ನು ಮುಚ್ಚಿ ತೇವದ ಗಾಳಿ ಒಳನುಗ್ಗದಂತೆ ಮಾಡಬೇಕು.

6. ಬ್ಯಾಟರಿ ಮತ್ತು ಇಂಪೆಲ್ಲರ್: ಪೂರ್ತಿ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿ ಕಡು ಚಳಿಯನ್ನೂ ತಾಳುತ್ತದೆ, ಚಾರ್ಜ್ ಇಳಿದ ಬ್ಯಾಟರಿ ಹೆಪ್ಪುಗಟ್ಟಿ ಒಡೆಯುತ್ತದೆ. ಅದನ್ನು ಕಳಚಿ ಒಳಗಿಟ್ಟು ಆಗಾಗ ಚಾರ್ಜ್ ಮಾಡಬೇಕು. ಪಂಪಿನ ರಬ್ಬರ್ ಇಂಪೆಲ್ಲರ್ ಒಂದೇ ಭಂಗಿಯಲ್ಲಿ ತಿಂಗಳುಗಟ್ಟಲೆ ಕುಳಿತರೆ ಅದರ ರೆಕ್ಕೆಗಳು ಬಾಗಿಯೇ ಉಳಿಯುವುದರಿಂದ ಅದನ್ನೂ ತೆಗೆದಿಡುವುದು ಒಳ್ಳೆಯದು.

ಎಚ್ಚರಿಕೆಗಳು

ಪೆಟ್ರೋಲ್ ಎಂಜಿನ್ ಚಾಲೂ ಮಾಡುವ ಮುನ್ನ ಎಂಜಿನ್ ಕೋಣೆಯ ಬ್ಲೋವರನ್ನು ಕನಿಷ್ಠ 4 ನಿಮಿಷ ಓಡಿಸಬೇಕು. ತಳದಲ್ಲಿ ಶೇಖರವಾದ ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಎರವಾಗುತ್ತದೆ. ದಡದಲ್ಲಿರುವಾಗ ಕೊಳವೆಯಿಂದ ನೀರು ಕೊಡದೆ ಓಡಿಸಿದರೆ ಇಂಪೆಲ್ಲರ್ ಬೇಗನೆ ಸುಟ್ಟುಹೋಗುತ್ತದೆ. ದೋಣಿಯ ತಳದಲ್ಲಿ ನೀರು ಒಳಬರುವ ಬಾಲ್ ವಾಲ್ವ್ ಮುಚ್ಚಿದ್ದರೆ ಅದರ ಗುಂಡಿನೊಳಗೂ ನೀರು ಸಿಕ್ಕಿಕೊಂಡಿರುತ್ತದೆ. ದೋಣಿ ದಡ ಸೇರಿದ ಮೇಲೆ ಅದನ್ನು ತೆರೆದು ಬಸಿಯಬೇಕು.

ವಿದ್ಯುತ್ ಹೀಟರ್ ಇಟ್ಟರಾಯಿತು ಎಂಬ ವಾದವೂ ಇದೆ. 2021ರ ಫೆಬ್ರವರಿಯಲ್ಲಿ ಸಾಮಾನ್ಯವಾಗಿ ಬೆಚ್ಚಗಿರುವ ಟೆಕ್ಸಾಸ್ ರಾಜ್ಯವನ್ನು ಶೀತ ಮಾರುತ ಅಪ್ಪಳಿಸಿದಾಗ ಲಕ್ಷಾಂತರ ಮನೆಗಳಿಗೆ ವಿದ್ಯುತ್ತೇ ಇರಲಿಲ್ಲ. ಹೀಟರ್ ಅತ್ಯಗತ್ಯವಾದ ರಾತ್ರಿಯೇ ವಿದ್ಯುತ್ ಕೈಕೊಡಬಹುದು. ಚಳಿಯಿಂದಾದ ಹಾನಿಯನ್ನು ಹಲವು ವಿಮಾ ಪಾಲಿಸಿಗಳು ಭರಿಸುವುದಿಲ್ಲ ಎಂಬುದನ್ನೂ ಮಾಲೀಕರು ಮೊದಲೇ ಓದಿಕೊಂಡಿರಬೇಕು.

ಭಾರತದಲ್ಲಿ

ನಮ್ಮ ದೇಶದಲ್ಲಿ ಈ ಸಮಸ್ಯೆ ಹಿಮಾಲಯದ ಎತ್ತರಗಳಿಗೆ ಸೀಮಿತ. ಲಡಾಖ್‌ನ ಪಾಂಗಾಂಗ್ ಸರೋವರ ಉಪ್ಪುನೀರಿನದಾದರೂ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಅಂತಹ ಎತ್ತರದ ಸರೋವರಗಳ ಗಸ್ತಿಗಾಗಿ ಭಾರತೀಯ ಸೇನೆಯು 12 ವೇಗದ ದೋಣಿಗಳಿಗೆ ಗೋವಾ ಶಿಪ್‌ಯಾರ್ಡ್‌ನೊಡನೆ ಒಪ್ಪಂದ ಮಾಡಿಕೊಂಡದ್ದು 2021ರ ಜನವರಿಯಲ್ಲಿ.

ಕರ್ನಾಟಕದ ಕರಾವಳಿಯಲ್ಲಿ ಹೆಪ್ಪುಗಟ್ಟುವ ಭಯವಿಲ್ಲ. ಆದರೆ ದೋಣಿಗಳು ದಡ ಸೇರುವ ಋತು ಇಲ್ಲಿಯೂ ಇದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಮಲ್ಪೆ, ಮಂಗಳೂರು ಬಂದರುಗಳ ಬೋಟುಗಳು ಲಂಗರು ಹಾಕಿ ನಿಲ್ಲುತ್ತವೆ. ಅಲ್ಲಿ ಎಂಜಿನ್ನಿನ ಶತ್ರು ಮಳೆಗಾಲದ ತೇವ ಮತ್ತು ಉಪ್ಪಿನ ತುಕ್ಕು. ಹಳೆಯ ಆಯಿಲ್ ತೆಗೆಯುವುದು, ಉಪ್ಪುನೀರನ್ನು ಸಿಹಿನೀರಿನಿಂದ ತೊಳೆಯುವುದು, ಟ್ಯಾಂಕಿನಲ್ಲಿ ತೇವ ಕಟ್ಟದಂತೆ ನೋಡಿಕೊಳ್ಳುವುದು, ಬ್ಯಾಟರಿ ಕಾಯುವುದು ಎರಡೂ ಕಡೆಗೆ ಸಮಾನ.

ಕೊನೆಯ ಚೀಟಿ

ಎಲ್ಲ ಕೆಲಸ ಮುಗಿದ ಮೇಲೆ ಅನುಭವಿಗಳು ಒಂದು ಚೀಟಿ ಬರೆದು ಎಂಜಿನ್ನಿನ ಕೀಲಿಗೆ ಕಟ್ಟುತ್ತಾರೆ. ಯಾವ ಬಿರಡೆ ತೆಗೆದಿದೆ, ಇಂಪೆಲ್ಲರ್ ಎಲ್ಲಿದೆ, ಯಾವ ದ್ವಾರ ಮುಚ್ಚಿದೆ, ಯಾವ ವಾಲ್ವ್ ತೆರೆದಿದೆ ಎಂಬ ವಿವರ ಅದರಲ್ಲಿರುತ್ತದೆ. ಆರು ತಿಂಗಳ ನಂತರ, ಮೊದಲ ಬಿಸಿಲಿನ ಉತ್ಸಾಹದಲ್ಲಿ ದೋಣಿಯನ್ನು ನೀರಿಗಿಳಿಸುವವರ ನೆನಪಿಗಿಂತ ಆ ಚೀಟಿ ಹೆಚ್ಚು ನಂಬಿಕಸ್ಥ. ವಾಲ್ವ್ ತೆರೆದಿರುವಂತೆಯೇ ನೀರಿಗಿಳಿದರೆ ಚಳಿಗಾಲ ಗೆದ್ದ ದೋಣಿ ವಸಂತದ ಮೊದಲ ದಿನವೇ ಮುಳುಗೀತು.