ಎತ್ತಿನ ಹಲ್ಲು, ಕಾರಿನ ಮೀಟರು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತು ಕೊಳ್ಳೋಕೆ ಬಂದವರು ಮೊದಲು ಮಾಡೋ ಕೆಲಸ, ಬಾಯಿ ತೆಗೆಸಿ ಹಲ್ಲು ನೋಡೋದು. ಎರಡು ಹಲ್ಲಾ, ನಾಲ್ಕು ಹಲ್ಲಾ, ಬಾಯಿಗೂಡಿದೆಯಾ ಅನ್ನೋದರ ಮೇಲೆ ವಯಸ್ಸು. ವಯಸ್ಸಿನ ಮೇಲೆ ಬೆಲೆ. ಮಾರೋನು ಏನೇ ಹೇಳಲಿ, ಹಲ್ಲು ಬೇರೆ ಸಾಕ್ಷಿ ಹೇಳುತ್ತೆ. ಆದರೆ ಆ ಸಾಕ್ಷಿಯನ್ನೂ ತಿದ್ದೋರು ಇದ್ದರು. ಇಂಗ್ಲೆಂಡಿನ ಕೆಲವು ಕುದುರೆ ವ್ಯಾಪಾರಿಗಳು ಮುದಿ ಕುದುರೆಯ ಹಲ್ಲು ಕೊರೆದು, ಸುಟ್ಟು, ಕಪ್ಪು ಗುರುತು ಮಾಡಿ ಎಳೇದು ಅಂತ ಮಾರ್ತಿದ್ದರು. ಈ ಕಸುಬಿಗೆ 'ಬಿಷಪಿಂಗ್' ಅನ್ನೋ ಹೆಸರೂ ಇತ್ತು. ಕುದುರೆ ಹೋಗಿ ಕಾರು ಬಂತು. ಹಲ್ಲಿನ ಜಾಗಕ್ಕೆ ಓಡಿದ ದೂರ ತೋರಿಸೋ ಮೀಟರು ಬಂತು. ತಿದ್ದೋ ಚಾಳಿ ಮಾತ್ರ ಹೋಗಲಿಲ್ಲ.

ಈ ವ್ಯಾಪಾರದಲ್ಲಿ ಮೋಸ ಯಾಕಿಷ್ಟು ಸಲೀಸು ಅಂತ ಬಿಡಿಸಿ ಹೇಳಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್. ಅವರ ಲೇಖನ ಅಚ್ಚಾಗಿದ್ದು 1970ರಲ್ಲಿ. ಅದರ ಹೆಸರಲ್ಲಿ 'ಲೆಮನ್ಸ್' ಅನ್ನೋ ಪದ ಇದೆ. ಅಲ್ಲಿನ ಆಡುಮಾತಲ್ಲಿ ಲೆಮನ್ ಅಂದ್ರೆ ಕೆಟ್ಟ ಕಾರು. ಅವರ ವಾದವನ್ನ ನಮ್ಮ ಲೆಕ್ಕದಲ್ಲಿ ಹೇಳ್ತೀನಿ. ಒಂದೇ ಮಾಡೆಲ್ಲು, ಒಳ್ಳೇ ಕಾರು ನಾಲ್ಕು ಲಕ್ಷ ಬಾಳುತ್ತೆ, ಕೆಟ್ಟದ್ದು ಎರಡು ಲಕ್ಷ. ಯಾವುದು ಎಂಥದ್ದು ಅಂತ ಮಾರೋನಿಗೆ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳೋನು ಮೂರು ಲಕ್ಷದ ಮೇಲೆ ಹೋಗಲ್ಲ. ಆ ಬೆಲೆಗೆ ಒಳ್ಳೇ ಕಾರಿನವನು ಮಾರಲ್ಲ, ಮನೇಲೇ ಇಟ್ಕೋತಾನೆ. ಮಾರುಕಟ್ಟೆಯಲ್ಲಿ ಕೆಟ್ಟವೇ ಜಾಸ್ತಿಯಾಗ್ತವೆ, ಬೆಲೆ ಇನ್ನೂ ಇಳಿಯುತ್ತೆ. ಅಂದ್ರೆ ಮೋಸ ಹೋದವನಿಗೆ ಮಾತ್ರ ನಷ್ಟ ಅಲ್ಲ. ನಿಯತ್ತಿನ ವ್ಯಾಪಾರಿಯೂ ಬೀದಿಗೆ ಬೀಳ್ತಾನೆ.

ಈ ಲೇಖನವನ್ನ ಮೂರು ಪತ್ರಿಕೆಗಳು ವಾಪಸ್ ಕಳಿಸಿದ್ದವು. 2001ರಲ್ಲಿ ಅಕೆರ್ಲಾಫ್ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಪಡೆದರು. 1967-68ರಲ್ಲಿ ಅವರು ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿದ್ದರು. ಬಜಾರಿನ ಅಕ್ಕೀಲಿ ಬೇಕಂತಲೇ ಬೆರೆಸಿದ ಕಲ್ಲನ್ನ ನಮ್ಮ ಹೆಂಗಸರು ಆರಿಸೋ ಪಾಡೂ ಆ ಲೇಖನದಲ್ಲಿದೆ.

ಮದ್ದು ಏನು? ಮಾರೋನಿಗೆ ಗೊತ್ತಿರೋದನ್ನ ಕೊಳ್ಳೋನಿಗೂ ಗೊತ್ತು ಮಾಡೋದು. ಅಮೆರಿಕದಲ್ಲಿ 1972ರ ಕಾನೂನು ಮೀಟರ್ ತಿರುಗಿಸೋದನ್ನ ದೇಶಕ್ಕೆಲ್ಲ ಅಪರಾಧ ಮಾಡ್ತು; ಎಷ್ಟು ಓಡಿದೆ ಅಂತ ಮಾರೋನು ಬರೆದು ಕೊಡಬೇಕು ಅಂತು. 1981ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಡೀಲರಿಗೆ ಗೊತ್ತಿರೋ ದೊಡ್ಡ ದೋಷಗಳನ್ನ ಚೀಟಿಯಲ್ಲಿ ಬರೆದು ಕಾರಿನ ಗಾಜಿಗೆ ಅಂಟಿಸಬೇಕು. ಡೀಲರುಗಳು ಸುಮ್ಮನಿರ್ತಾರಾ? ಸಂಸತ್ತಿನ ಹಿಂದೆ ಬಿದ್ದರು. 1982ರಲ್ಲಿ ಎರಡೂ ಸದನ ಸೇರಿ ನಿಯಮವನ್ನ ತಳ್ಳಿಹಾಕಿದವು. ಹಾಗೆ ತಳ್ಳಿಹಾಕೋ ಅಧಿಕಾರ ಸಂಸತ್ತಿಗಿಲ್ಲ ಅಂತ 1983ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ 1985ರಲ್ಲಿ ಜಾರಿಗೆ ಬಂದ ನಿಯಮದಲ್ಲಿ ಚೀಟಿ ಉಳಿದಿತ್ತು, ಗೊತ್ತಿರೋ ದೋಷ ಬರೀಬೇಕು ಅನ್ನೋ ಸಾಲು ಇರಲಿಲ್ಲ.

ನಮ್ಮಲ್ಲಿ ಕಾಗದದ ಗೋಳೇ ದೊಡ್ಡದು. ಕಾರು ಕೊಟ್ಟು, ದುಡ್ಡು ಎಣಿಸಿಕೊಂಡು, ಸಹಿ ಹಾಕಿದ ಖಾಲಿ ಫಾರಂ ಡೀಲರ್ ಕೈಗಿಟ್ಟು ಮರೆತುಬಿಡೋರು ಎಷ್ಟೋ ಜನ. ಕಾರು ನಾಲ್ಕು ಕೈ ದಾಟಿರುತ್ತೆ, ಆರ್‌ಸಿಯಲ್ಲಿ ಹೆಸರು ಹಳಬರದ್ದೇ. 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತ ಹೇಳಿತು: ಆರ್‌ಸಿಯಲ್ಲಿ ಹೆಸರಿರೋರೇ ಮಾಲೀಕರು, ಅಪಘಾತದ ಪರಿಹಾರಕ್ಕೂ ಅವರೇ ಹೊಣೆ. ಯಾವತ್ತೋ ಮಾರಿದ ಕಾರಿನ ಹೆಸರಲ್ಲಿ ಮನೆಗೆ ನೋಟಿಸು ಬರುತ್ತೆ! ಇದಕ್ಕೆ ಪರಿಹಾರ ಅಂತ 2023ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದಿದೆ. ಹಳೇ ಗಾಡಿ ಡೀಲರು ಆರ್‌ಟಿಓದಿಂದ ಅಧಿಕೃತ ಪತ್ರ ಪಡೀಬೇಕು. ಗಾಡಿ ಅವರ ಕೈಗೆ ಹೋಗಿದ್ದನ್ನ ಆನ್‌ಲೈನಲ್ಲಿ ತಿಳಿಸಿದ ಮೇಲೆ ಹೊಣೆಯೂ ಅವರದ್ದೇ. ಆ ಪತ್ರ ಇದೆಯಾ ಅಂತ ಮೊದಲು ಕೇಳಿ.

ಆಮೇಲೆ ಹಲ್ಲು ನೋಡೋ ಕೆಲಸ. ಈಗಿನ ಮೀಟರು ಅಂದ್ರೆ ಚಿಪ್ಪಿನಲ್ಲಿರೋ ಒಂದು ಸಂಖ್ಯೆ, ಲ್ಯಾಪ್‌ಟಾಪ್ ಸಿಕ್ಕಿಸಿ ಬದಲಾಯಿಸೋರಿದ್ದಾರೆ. ಅದೊಂದನ್ನೇ ನಂಬೋದಲ್ಲ. ಬೇರೆ ಬೇರೆ ಕಡೆ ಇರೋ ಲೆಕ್ಕ ಒಂದಕ್ಕೊಂದು ತಾಳೆಯಾಗ್ತಾವಾ ನೋಡಬೇಕು. ಮೂವತ್ತು ಸಾವಿರ ಓಡಿದೆ ಅನ್ನೋ ಕಾರಿನ ಬ್ರೇಕ್ ಪೆಡಲ್ಲಿನ ರಬ್ಬರು ನುಣ್ಣಗೆ ಸವೆದಿದ್ದರೆ ಅನುಮಾನಪಡಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಸರ್ವಿಸ್ ದಾಖಲೆ ಕೇಳಿ. ಟೈರಿನ ಮೇಲಿನ ನಾಲ್ಕಂಕಿ ಓದಿ: 2319 ಅಂದ್ರೆ 2019ರ 23ನೇ ವಾರದ್ದು. ಸೀಟ್ ಬೆಲ್ಟನ್ನ ಕೊನೇವರೆಗೂ ಎಳೆದು ನೋಡಿ. ನೀರಲ್ಲಿ ಮುಳುಗಿದ ಕಾರಾದರೆ ಕೆಸರಿನ ಕಲೆ ಅಲ್ಲಿ ಉಳಿದಿರಬಹುದು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ, ಫಾರಂ 35 ಕೈಗೆ ಬರೋವರೆಗೆ ಪೂರ್ತಿ ದುಡ್ಡು ಬಿಚ್ಚಬೇಡಿ.

ಕೊನೆಗೆ ನಿಮಗೆ ಗೊತ್ತಿರೋ ಮೆಕ್ಯಾನಿಕ್ಕನ್ನ ಕರ್ಕೊಂಡು ಹೋಗಿ. ಡೀಲರ್ ತೋರಿಸೋ ಮೆಕ್ಯಾನಿಕ್ ಅಲ್ಲ, ನಿಮ್ಮವನು. ನಿಯತ್ತಿನ ಡೀಲರಿಗೆ ಇದರಿಂದ ಬೇಜಾರಾಗಲ್ಲ. ಅವನ ಒಳ್ಳೇ ಕಾರಿಗೆ ಒಳ್ಳೇ ಬೆಲೆ ಸಿಗೋದು ಹೀಗೆ ನೋಡಿ ಕೊಳ್ಳೋರಿಂದಲೇ. ಜಾತ್ರೆಯಲ್ಲಿ ಎತ್ತಿನ ಬಾಯಿ ಮುಟ್ಟಬೇಡಿ ಅಂದವನ ಹತ್ತಿರ ಯಾರೂ ಚೌಕಾಸಿಗೆ ನಿಲ್ಲಲ್ಲ. ಬಾನೆಟ್ ಎತ್ತಬೇಡಿ ಅನ್ನೋನ ಹತ್ತಿರಾನೂ ನಿಲ್ಲಬೇಕಿಲ್ಲ.