ವೈನ್ ಇತಿಹಾಸಕ್ಕೆ ವಾಕ್ ಉಂಟು, ಸಾರಾಯಿ ಇತಿಹಾಸಕ್ಕೆ?

ನಮ್ಮ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಕಡೆ ಯಾವ ಪ್ಯಾಟಿಗೆ ಹೋದ್ರೂ ಒಂದು ಬೋರ್ಡು ಕಂಡೇ ಕಾಣ್ತದೆ. ಮೊದಲು ಯಾವುದೋ ದೇವರ ಹೆಸರು, ಅದರ ಪಕ್ಕದಲ್ಲಿ ‘ವೈನ್ಸ್’. ಒಳಗೆ ವಿಸ್ಕಿ ಇರ್ತದೆ, ರಮ್ಮು ಇರ್ತದೆ, ಬ್ರಾಂದಿ ಇರ್ತದೆ. ವೈನ್ ಮಾತ್ರ ಕೇಳಿದ್ರೆ ಅಂಗಡಿಯವನೇ ಒಂದು ಸಲ ಮುಖ ನೋಡ್ತಾನೆ. ದ್ರಾಕ್ಷಿ ರಸ ಇಲ್ಲದ ಅಂಗಡಿಗೆ ವೈನ್ಸ್ ಅಂತ ಹೆಸರು ಯಾಕೆ ಬೇಕಾಯ್ತು? ಉತ್ತರ ಸರಳ. ‘ಸಾರಾಯಿ ಅಂಗಡಿ’ ಅಂದ್ರೆ ಮರ್ಯಾದೆ ಹೋಗ್ತದೆ, ‘ವೈನ್ಸ್’ ಅಂದ್ರೆ ಸ್ವಲ್ಪ ಉಳೀತದೆ.

ಒಂದೇ ಕುಡಿತಕ್ಕೆ ಎರಡು ಥರದ ಮರ್ಯಾದೆ. ಇದು ಬರೀ ಭಾಷೆಯ ಆಟ ಅಲ್ಲ, ಇದರ ಹಿಂದೆ ಇನ್ನೂರು ವರ್ಷದ ಇತಿಹಾಸ ಇದೆ. ಆ ಇತಿಹಾಸ ಚೆನ್ನಾಗಿ ಕಾಣೋದು ಬೆಂಗಳೂರಿನಲ್ಲಿ, ಅದರಲ್ಲೂ ದಂಡಿನ ಪ್ರದೇಶದಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ.

ಈಗ ವೀಕೆಂಡ್ ಬಂದರೆ ಬೆಂಗಳೂರಿನಲ್ಲಿ ಹೆರಿಟೇಜ್ ವಾಕ್‌ಗಳಿಗೆ ಬರವಿಲ್ಲ. ಬೆಳಗ್ಗೆ ಏಳಕ್ಕೆ ಶೂ ಕಟ್ಟಿಕೊಂಡು ಟ್ರಿನಿಟಿ ಚರ್ಚ್ ಹತ್ತಿರ ಸೇರೋದು, ಗೈಡ್ ಹಿಂದೆ ನಡೆಯೋದು, ಕಥೆ ಕೇಳೋದು, ಕೊನೆಗೆ ದೋಸೆ ತಿನ್ನೋದು. ಹೊರದೇಶಗಳಲ್ಲಿ ಇದೇ ಮಾದರಿಯಲ್ಲಿ ವೈನ್ ವಾಕ್‌ಗಳಿವೆ. ಪ್ಯಾರಿಸ್‌ನ ಬೆರ್ಸಿ ಬಡಾವಣೆ ಒಳ್ಳೆಯ ಉದಾಹರಣೆ. ಹತ್ತೊಂಬತ್ತನೇ ಶತಮಾನದಲ್ಲಿ ಅದು ಪ್ಯಾರಿಸ್ಸಿನ ದೊಡ್ಡ ವೈನ್ ಗೋದಾಮು. ಅಲ್ಲೇ ಯಾಕೆ? ಆಗ ಪ್ಯಾರಿಸ್ ನಗರದ ಒಳಗೆ ಬರುವ ವೈನ್ ಮೇಲೆ ಸುಂಕ ಇತ್ತು. ಬೆರ್ಸಿ ಸುಂಕದ ಗೋಡೆಯ ಆಚೆಗಿತ್ತು. ಹಾಗಾಗಿ ವ್ಯಾಪಾರಿಗಳು ಪೀಪಾಯಿಗಳನ್ನು ಅಲ್ಲೇ ಇಳಿಸಿದರು. 1860ರಲ್ಲಿ ಬೆರ್ಸಿ ನಗರದೊಳಗೆ ಸೇರಿತು. ಈಗ ಆ ಗೋದಾಮುಗಳಲ್ಲಿ ಅಂಗಡಿ, ರೆಸ್ಟೋರೆಂಟ್ ಇವೆ. ನೆಲದಲ್ಲಿ ಹಳೇ ರೈಲು ಹಳಿಗಳನ್ನು ಹಾಗೇ ಬಿಟ್ಟಿದ್ದಾರೆ.

ಬೆರ್ಸಿಯ ಕಥೆಯಲ್ಲಿ ನನಗೆ ಹಿಡಿಸಿದ್ದು ಒಂದೇ ಮಾತು. ಯಾವುದೇ ಊರಿನ ಕುಡಿತದ ಇತಿಹಾಸ ರುಚಿಯಿಂದ ಶುರುವಾಗೋದಿಲ್ಲ, ತೆರಿಗೆಯಿಂದ ಶುರುವಾಗ್ತದೆ. ಯಾರು ಮಾರಬಹುದು, ಯಾರು ಕುಡಿಯಬಹುದು, ದುಡ್ಡು ಯಾರ ಖಜಾನೆಗೆ? ಈ ಮೂರು ಪ್ರಶ್ನೆ ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿನಲ್ಲಿ ನಡೆದು ನೋಡೋಣ ಬರ್ರಿ.

ಮೊದಲ ನಿಲ್ದಾಣ ಎಂ.ಜಿ. ರೋಡಿನ ಪರೇಡ್ ಮೈದಾನ. ಶ್ರೀರಂಗಪಟ್ಟಣದಲ್ಲಿ ಜ್ವರಕ್ಕೆ ಸಿಕ್ಕಿ ಸೊರಗಿದ ಬ್ರಿಟಿಷ್ ಸೈನ್ಯ 1809ರಲ್ಲಿ ಬೆಂಗಳೂರಿಗೆ ಬಂತು. ಸೈನ್ಯದ ಜೊತೆ ಬಂದದ್ದು ಬರೀ ಬಂದೂಕು ಅಲ್ಲ, ಬಾಯಾರಿಕೆ ಕೂಡ. ಇಲ್ಲಿ ಒಂದು ಸಂಗತಿ ಗಮನಿಸಿ. ಗೋರಾ ಸಿಪಾಯಿ ಅಂದ್ರೆ ಸ್ಕಾಚ್ ಕುಡೀತಿದ್ದ ಅಂತ ನಾವು ಅಂದ್ಕೊಂಡಿರ್ತೀವಿ. ಮದ್ರಾಸ್ ಸೈನ್ಯದ ಯುರೋಪಿಯನ್ ಸಿಪಾಯಿಗೆ ರೇಷನ್ನಿನಲ್ಲಿ ಸಿಗುತ್ತಿದ್ದದ್ದು ಅರಾಕ್, ಅಂದರೆ ಸಾರಾಯಿ! ಸಾರಾಯಿ ಕುಡಿದು ಸಿಪಾಯಿಗಳು ಹಾಳಾಗ್ತಿದ್ದಾರೆ ಅಂತ ಮೇಲಿನವರಿಗೆ ಚಿಂತೆ. ಅದಕ್ಕೆ ಅವರು ಕಂಡುಕೊಂಡ ಮದ್ದು ಬಿಯರ್. ಇಂಗ್ಲೆಂಡಿನಿಂದ ಹಡಗಿನಲ್ಲಿ ತರಿಸೋದು ದುಬಾರಿ. ಹಾಗಾಗಿ ಇಲ್ಲೇ ಬ್ರೂವರಿಗಳು ಹುಟ್ಟಿದವು.

ಇಲ್ಲಿಂದ ಸ್ವಲ್ಪ ನಡೆದರೆ ಬೆಂಗಳೂರು ಕ್ಲಬ್. 1868ರಲ್ಲಿ ಶುರುವಾದ ಈ ಕ್ಲಬ್ ಅಧಿಕಾರಿಗಳ ಅಡ್ಡಾ. ಸಿಪಾಯಿಗೆ ಬ್ಯಾರಕ್ಕಿನ ಕ್ಯಾಂಟೀನು, ಅಧಿಕಾರಿಗೆ ಕ್ಲಬ್ಬಿನ ವೈನು. ಇಲ್ಲಿ ಬಂದ ಪ್ರತಿ ಗೈಡೂ ಚರ್ಚಿಲ್ ಕಥೆ ಹೇಳ್ತಾರೆ. 1896ರಲ್ಲಿ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದದ್ದು, 1899ರಲ್ಲಿ ಕ್ಲಬ್ಬಿನವರು ಅದನ್ನು ವಸೂಲಾಗದ ಸಾಲದ ಪಟ್ಟಿಗೆ ಸೇರಿಸಿದ್ದು. ಎಲ್ಲರೂ ನಗ್ತಾರೆ. ನಮ್ಮೂರಲ್ಲಿ ಸಾರಾಯಿ ಅಂಗಡಿಯಲ್ಲಿ ಉದ್ರಿ ಬಿಟ್ಟು ಹೋದವನ ಕಥೆಗೆ ಯಾರೂ ನಗೋದಿಲ್ಲ. ಆ ಉದ್ರಿ ತೀರಿಸಲಿಕ್ಕೆ ಮನೆಯವಳ ಬೆಂಡೋಲೆ ಹೋಗಿರ್ತದೆ.

ಮೂರನೇ ನಿಲ್ದಾಣ ವಿಠಲ್ ಮಲ್ಯ ರೋಡ್. ಹಳೇ ಹೆಸರು ಗ್ರಾಂಟ್ ರೋಡ್. ಈಗ ಯುಬಿ ಸಿಟಿ ಇರುವ ಜಾಗದಲ್ಲಿ ಮೊದಲು ಇದ್ದದ್ದು ಬ್ರೂವರಿ. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್‌ಲೆಂಡಿನವ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದೊಡ್ಡ ದೊಡ್ಡ ಪೀಪಾಯಿಗಳನ್ನು ಎತ್ತಿನ ಗಾಡಿಯಲ್ಲಿ ಹೇರಿ ಸೈನ್ಯಕ್ಕೆ ಸರಬರಾಜು ಮಾಡ್ತಿದ್ದರು. 1947ರಲ್ಲಿ ವಿಠಲ್ ಮಲ್ಯ ಆ ಕಂಪನಿಯ ಮೊದಲ ಭಾರತೀಯ ಡೈರೆಕ್ಟರ್ ಆದರು, ಮರುವರ್ಷವೇ ಚೇರ್ಮನ್. ಬೆರ್ಸಿಯಂತೆ ಇಲ್ಲೂ ಕುಡಿತದ ಕಾರ್ಖಾನೆ ಹೋಗಿ ಮಾಲ್ ಬಂತು. ವ್ಯತ್ಯಾಸ ಏನಂದ್ರೆ ಅಲ್ಲಿ ಹಳಿಗಳನ್ನಾದರೂ ಉಳಿಸಿದರು. ಇಲ್ಲಿ ಗಾಡಿ ಎತ್ತುಗಳು, ಬಾಟಲಿ ತೊಳೆದ ಕೈಗಳು, ಪೀಪಾಯಿ ಉರುಳಿಸಿದ ಕೂಲಿಗಳು ಯಾವುದಕ್ಕೂ ಗುರುತು ಕಾಣೋದಿಲ್ಲ. ಉಳಿದದ್ದು ಎರಡಕ್ಷರ, ಯುಬಿ.

ಬಿಯರಾಯ್ತು, ವೈನ್ ಎಲ್ಲಿ? ಅದಕ್ಕೆ ಶಿವಾಜಿನಗರಕ್ಕೆ ಹೋಗಬೇಕು, ರಸೆಲ್ ಮಾರ್ಕೆಟ್ಟಿಗೆ. 1927ರಲ್ಲಿ ಕಟ್ಟಿದ ಈ ಮಾರ್ಕೆಟ್ಟಿನ ಹಣ್ಣಿನ ಸಾಲಿನಲ್ಲಿ ಕಪ್ಪು ನೇರಳೆ ಬಣ್ಣದ, ಗಮ್ಮೆನ್ನುವ ದ್ರಾಕ್ಷಿ ಸಿಗ್ತದೆ. ಅದೇ ಬೆಂಗಳೂರ್ ಬ್ಲೂ. ಫ್ರೇಜರ್ ಟೌನ್, ಕುಕ್ ಟೌನ್, ರಿಚರ್ಡ್ಸ್ ಟೌನಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ವಾರಗಟ್ಟಲೆ ಮೊದಲೇ ಈ ದ್ರಾಕ್ಷಿ ತಂದು, ಕಿವುಚಿ, ಸಕ್ಕರೆ ಮತ್ತು ಈಸ್ಟ್ ಹಾಕಿ, ಭರಣಿಗೆ ಬಟ್ಟೆ ಕಟ್ಟಿ ಇಡ್ತಾರೆ. ಪ್ಲಮ್ ಕೇಕ್ ಜೊತೆ ಕೊಡುವ ಆ ಸಿಹಿ ವೈನ್ ಕಂಪನಿಯದ್ದಲ್ಲ, ಅಜ್ಜಿಯರದ್ದು. ಬೆಂಗಳೂರಿಗೆ ವೈನ್ ಪರಂಪರೆ ಅಂತ ಒಂದು ಇದ್ದರೆ ಅದು ಈ ಭರಣಿಗಳಲ್ಲಿದೆ ಅಂತ ನನಗನ್ನಿಸ್ತದೆ.

ದ್ರಾಕ್ಷಿ ನಮ್ಮ ನಾಡಿಗೆ ಬ್ರಿಟಿಷರ ಜೊತೆ ಬಂದದ್ದಲ್ಲ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿನ ಪೇಟೆಯಲ್ಲಿ ದ್ರಾಕ್ಷಿ ಗೊಂಚಲುಗಳ ದರವನ್ನೂ ಬರೆದಿಟ್ಟಿದ್ದಾನೆ, ಒಂದು ಹಣಕ್ಕೆ ಮೂರು. ಆದರೆ ಬೆಂಗಳೂರ್ ಬ್ಲೂ ಬೇರೆ ಜಾತಿ. ಅಮೆರಿಕ ಮೂಲದ ದ್ರಾಕ್ಷಿಯ ರಕ್ತ ಅದರಲ್ಲಿದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ರೈತರು ಅದನ್ನು ತಮ್ಮದಾಗಿಸಿಕೊಂಡರು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದರೆ ಬೆಂಗಳೂರ್ ಬ್ಲೂಗೆ ಸಿಕ್ಕಿದ್ದು 2013ರಲ್ಲಿ. ಟ್ಯಾಗ್ ಸಿಕ್ಕರೂ ಮಾರ್ಕೆಟ್ಟಿಗೆ ಮಾಲು ತಂದ ದಿನದ ರೇಟೇ ರೈತನ ಹಣೆಬರಹ ಅನ್ನೋದು ಮೆಣಸಿನಕಾಯಿ ಚೀಲ ಹೊತ್ತ ಮನೆಯವರಿಗೆ ಗೊತ್ತಿರ್ತದೆ.

ವೈನಿನಲ್ಲೂ ಮೇಲುಕೀಳು ಉಂಟು. ಉದ್ಯಮಿ ಕನ್ವಲ್ ಗ್ರೋವರ್ ಫ್ರೆಂಚ್ ತಜ್ಞ ಜಾರ್ಜ್ ವೆಸೆಲ್ ಜೊತೆ ಸೇರಿ ನಂದಿಬೆಟ್ಟದ ತಪ್ಪಲಲ್ಲಿ ತೋಟ ಮಾಡಿದಾಗ ಹಾಕಿದ್ದು ಫ್ರೆಂಚ್ ತಳಿಗಳನ್ನು. 1990ರ ದಶಕದಿಂದ ಆ ವೈನ್ ಮಾರುಕಟ್ಟೆಗೆ ಬಂತು. ಬೆಂಗಳೂರ್ ಬ್ಲೂ ಹೋಗೋದು ಜ್ಯೂಸಿಗೆ, ಜಾಮಿಗೆ, ಕಡಿಮೆ ರೇಟಿನ ಸಿಹಿ ಪೋರ್ಟ್ ವೈನಿಗೆ. ಇನ್ನೊಂದು ವಿಚಿತ್ರ ನೋಡ್ರಿ. ಪಾನನಿರೋಧಕ್ಕೆ ಜೀವನವಿಡೀ ದುಡಿದ ಗಾಂಧೀಜಿ 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ಉಳಿದದ್ದು ಇದೇ ನಂದಿಬೆಟ್ಟದ ಮೇಲೆ.

ಇಲ್ಲಿಗೆ ಸಾಮಾನ್ಯವಾಗಿ ವಾಕ್ ಮುಗೀತದೆ. ಆದರೆ ನಾವು ನೋಡಿದ್ದು ಅರ್ಧ ಊರು. ಕಂಟೋನ್ಮೆಂಟಿನಿಂದ ಆಚೆ ಪೇಟೆ ಇತ್ತು, ಪೇಟೆಯಲ್ಲಿ ಹೆಂಡದಂಗಡಿ ಇತ್ತು. 1930ರ ದಶಕದಲ್ಲಿ ಜಿ.ಪಿ. ರಾಜರತ್ನಂ ಆ ಲೋಕದ ಕುಡುಕನೊಬ್ಬನನ್ನು, ಅವನ ಹೆಂಡತಿ ನಂಜಿಯನ್ನು, ಅವನದೇ ಭಾಷೆಯಲ್ಲಿ ಕನ್ನಡ ಕಾವ್ಯಕ್ಕೆ ತಂದರು. ಚರ್ಚಿಲ್‌ನ 13 ರೂಪಾಯಿ ಗೊತ್ತಿರುವ ವಾಕ್‌ನಲ್ಲಿ ‘ರತ್ನನ ಪದಗಳು’ ಹೆಸರು ಕೇಳಿದ್ದು ನನಗಂತೂ ನೆನಪಿಲ್ಲ.

ಇನ್ನೂ ಹಿಂದೆ ಹೋದರೆ ಹನ್ನೆರಡನೇ ಶತಮಾನ. ನಮ್ಮ ತಾಲೂಕಿನ ಚೌಡಯ್ಯದಾನಪುರ ಅಂಬಿಗರ ಚೌಡಯ್ಯನಿಂದ ಹೆಸರಾದ ಊರು. ಅವನ ಕಾಲದ ಶರಣರಲ್ಲೇ ಹೆಂಡದ ಮಾರಯ್ಯ ಅಂತ ಒಬ್ಬ ಇದ್ದ. ಹೆಂಡ ಮಾರುವುದು ಅವನ ಕಾಯಕ, ಅವನೂ ವಚನಕಾರ. ಹೆಂಡ ಮಾರುವವನಿಗೂ ಶರಣರ ಸಾಲಿನಲ್ಲಿ ಜಾಗ ಕೊಟ್ಟ ನಾಡು ನಮ್ಮದು. ಆಮೇಲೆ ಅದೇ ಹೆಂಡ ಅಬಕಾರಿ ಗುತ್ತಿಗೆಯ ಸರಕಾಯ್ತು. ಬ್ರಿಟಿಷರ ಆಡಳಿತ ಇರಲಿ, ಮೈಸೂರು ಸಂಸ್ಥಾನ ಇರಲಿ, ಅಂಗಡಿಗಳನ್ನು ಹರಾಜು ಹಾಕಿ ಖಜಾನೆ ತುಂಬಿಸಿಕೊಂಡವು. ಅದಕ್ಕೇ ಸ್ವಾತಂತ್ರ್ಯ ಹೋರಾಟಗಾರರು ಹೆಂಡದ ಮರಕ್ಕೇ ಕೊಡಲಿ ಹಾಕಿದರು. 1939ರಲ್ಲಿ ಚಿತ್ರದುರ್ಗದ ಹತ್ತಿರ ತುರುವನೂರಿನಲ್ಲಿ ನಡೆದ ಈಚಲು ಮರದ ಸತ್ಯಾಗ್ರಹ ಇವತ್ತಿಗೂ ಆ ಭಾಗದ ಹೆಮ್ಮೆ. ಎಸ್. ನಿಜಲಿಂಗಪ್ಪ ಅದರ ಮುಂದಾಳುಗಳಲ್ಲಿ ಒಬ್ಬರು.

ನಮ್ಮ ಕುಪ್ಪೇಲೂರು ಆಗ ಧಾರವಾಡ ಜಿಲ್ಲೆ, ಬಾಂಬೆ ಪ್ರಾಂತ್ಯ. 1949ರ ಬಾಂಬೆ ಪಾನನಿರೋಧ ಕಾಯ್ದೆ ನಮಗೂ ಬಂತು. ಆ ಕಾಯ್ದೆಯಲ್ಲೂ ಒಂದು ಕಿಟಕಿ ಇತ್ತು. ವಿದೇಶಿಯರಿಗೆ ಪರ್ಮಿಟ್, ಡಾಕ್ಟರ ಚೀಟಿ ತಂದವರಿಗೆ ಪರ್ಮಿಟ್. ಹೊಲದಲ್ಲಿ ದುಡಿದು ಸಿಂದಿ ಕುಡಿಯುವವ ಎಲ್ಲಿಂದ ಚೀಟಿ ತರಬೇಕು? ಅವನು ಕದ್ದು ಕುಡಿದ. ಕದ್ದು ಕುಡಿಯುವುದು ಎಷ್ಟು ಅಪಾಯ ಅನ್ನೋದಕ್ಕೆ ಬೆಂಗಳೂರಿನದೇ ಸಾಕ್ಷಿ ಇದೆ. 1981ರ ಜುಲೈಯಲ್ಲಿ ಬೆಂಗಳೂರು ಮತ್ತು ಮೈಸೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಯುಬಿ ಸಿಟಿಯ ಹೊಳಪು ನೋಡುವ ಊರಿನಲ್ಲೇ ಇದೂ ನಡೆದದ್ದು.

ಈಗ 2007ಕ್ಕೆ ಬರೋಣ. ಆ ವರ್ಷ ರಾಜ್ಯ ಸರ್ಕಾರ ಎರಡು ತೀರ್ಮಾನ ಮಾಡಿತು. ಜುಲೈ 1ರಿಂದ ಸಾರಾಯಿ ಬಂದ್. ಅದೇ ವರ್ಷ ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ, ಜೊತೆಗೆ ವೈನ್ ಬೋರ್ಡ್. ಒಂದು ಕೈ ಸಾರಾಯಿ ಪ್ಯಾಕೆಟ್ ಕಸಿದುಕೊಂಡಿತು, ಇನ್ನೊಂದು ಕೈ ವೈನ್ ಗ್ಲಾಸ್ ಚಾಚಿತು. ಎರಡಕ್ಕೂ ಕಾರಣ ಇತ್ತು. ಸಾರಾಯಿ ಅಂಗಡಿ ಮುಚ್ಚಿಸಿ ಅಂತ ಹಳ್ಳಿ ಹೆಣ್ಣುಮಕ್ಕಳು ವರ್ಷಗಟ್ಟಲೆ ಬೀದಿಗಿಳಿದಿದ್ದರು. ವಿಜಯಪುರ, ಬಾಗಲಕೋಟೆ, ಬೆಳಗಾವಿಯಿಂದ ಚಿಕ್ಕಬಳ್ಳಾಪುರದವರೆಗೆ ದ್ರಾಕ್ಷಿ ಬೆಳೆದವರಿಗೆ ಇನ್ನೊಂದು ಗಿರಾಕಿ ಬೇಕಿತ್ತು. ಎರಡನ್ನೂ ನಾನು ತಪ್ಪು ಅನ್ನೋದಿಲ್ಲ. ಸಾರಾಯಿ ವಾಪಸ್ ಬರಲಿ ಅನ್ನೋ ವಾದ ನನ್ನದಲ್ಲ, ಅದು ಮುರಿದ ಮನೆಗಳನ್ನು ನಮ್ಮ ಓಣಿಯಲ್ಲೇ ನೋಡಿದ್ದೀನಿ.

ಆದರೆ ಆಮೇಲೆ ಆದದ್ದೇನು? ಸಾರಾಯಿ ಕುಡಿಯುತ್ತಿದ್ದವ ವೈನಿಗೆ ಬರಲಿಲ್ಲ. ಅವನು 90 ಎಂಎಲ್ ವಿಸ್ಕಿ ಪ್ಯಾಕೆಟ್ಟಿಗೆ ಬಂದ, ಮೊದಲಿಗಿಂತ ಜಾಸ್ತಿ ದುಡ್ಡು ಕೊಟ್ಟು. ಈಗ ಅಬಕಾರಿಯಿಂದ ರಾಜ್ಯದ ಖಜಾನೆಗೆ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಬರ್ತದೆ. ಅದರಲ್ಲಿ ನಮ್ಮ ಐಟಿ ಮಂದಿಯ ಶುಕ್ರವಾರದ ಬಿಯರ್ ಪಾಲು ಇದೆ, ಕೂಲಿಯವನ ದಿನದ ಪ್ಯಾಕೆಟ್ ಪಾಲೂ ಇದೆ. ನಮ್ಮದಕ್ಕೆ ‘ಕ್ರಾಫ್ಟ್’, ‘ಟೇಸ್ಟಿಂಗ್’, ‘ಹೆರಿಟೇಜ್’ ಅಂತ ಹೆಸರು. ಅವನದಕ್ಕೆ ‘ಚಟ’. ನಮಗೆ ಗೈಡ್ ಬರ್ತಾನೆ, ಅವನಿಗೆ ಮದ್ಯವರ್ಜನ ಶಿಬಿರ.

ವಾಕ್‌ಗಳು ಬೇಡ ಅಂತ ನಾನು ಹೇಳ್ತಿಲ್ಲ. ಊರನ್ನು ಕಾಲಿನಿಂದ ಓದುವುದಕ್ಕಿಂತ ಒಳ್ಳೆಯ ಪಾಠ ಇಲ್ಲ, ನನಗೆ ಬೆಂಗಳೂರು ಸ್ವಲ್ಪವಾದರೂ ನನ್ನದು ಅನ್ನಿಸಿದ್ದು ಹಾಗೆ ನಡೆದ ಮೇಲೆಯೇ. ನನ್ನ ಬೇಡಿಕೆ ಚಿಕ್ಕದು, ಎರಡು ನಿಲ್ದಾಣ ಹೆಚ್ಚಿಗೆ ಬೇಕು. ಯುಬಿ ಸಿಟಿಯ ಮುಂದೆ ನಿಂತಾಗ ಪೀಪಾಯಿ ಉರುಳಿಸಿದ ಕೂಲಿಗಳ ಮಾತೂ ಬರಲಿ. ಅಲ್ಲಿಂದ ಪೇಟೆಗೆ ಹೋಗಿ, ಹಳೇ ಹೆಂಡದಂಗಡಿಗಳ ಕಾಲದ ಒಂದು ಬೀದಿಯಲ್ಲಿ ನಿಂತು, ರತ್ನನ ಕಥೆಯ ಜೊತೆ ನಂಜಿಯ ಕಥೆಯನ್ನೂ ಯಾರಾದರೂ ಹೇಳಲಿ. 1981ರಲ್ಲಿ ಸತ್ತವರ ಹೆಸರಿನಲ್ಲಿ ಒಂದು ನಿಮಿಷ ಸುಮ್ಮನೆ ನಿಲ್ಲೋಣ.

ಆಮೇಲೆ ಬೇಕಾದರೆ ರಸೆಲ್ ಮಾರ್ಕೆಟ್ಟಿಗೆ ಹೋಗಿ ಒಂದು ಕಿಲೋ ಬೆಂಗಳೂರ್ ಬ್ಲೂ ಕೊಳ್ರಿ. ಚೌಕಾಸಿ ಮಾತ್ರ ಮಾಡಬ್ಯಾಡ್ರಿ. ಆ ದ್ರಾಕ್ಷಿ ಬೆಳೆದವನಿಗೆ ಹೆರಿಟೇಜ್‌ನಿಂದ ಸಿಗೋದು ಅಷ್ಟೇ.