ಮಹಾದೇವಿಯಕ್ಕಗಳ ಪರೀಕ್ಷೆ

ಉಡುತಡಿಯ ಮಹಾದೇವಿಯಕ್ಕಗಳು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುದೇವರು ಅವರ ವೈರಾಗ್ಯವನ್ನು ಒರೆಗೆ ಹಚ್ಚಿದ ಪ್ರಸಂಗವು ಶೂನ್ಯಸಂಪಾದನೆಯಿಂದ ಲೋಕವಿದಿತವಾಗಿದೆ. ಪತಿಯಾರೆಂದು ಪ್ರಭುದೇವರು ಕೇಳಿದರು. ಸೀರೆಯನ್ನುಳಿದವರಿಗೆ ಕೇಶದ ಮರೆಯೇಕೆಂದೂ ಕೇಳಿದರು. ಮರೆಯು ತಮ್ಮ ಲಜ್ಜೆಗಾಗಿ ಅಲ್ಲ, ನೋಡುವವರು ನೋಯದಿರಲೆಂದು ಎಂಬುದು ಅಕ್ಕಗಳ ಉತ್ತರ. ಎಂತಹ ದಿಟ್ಟತನ!

ಆದರೆ ಸಂಪಾದನೆಯು ಮೊದಲು ಸಂಕಲಿತವಾದುದು 15ನೆಯ ಶತಮಾನದಲ್ಲಿ. 12ನೆಯ ಶತಮಾನದ ಬಿಡಿವಚನಗಳನ್ನು ಸಂವಾದವಾಗಿ ಹೆಣೆದವರು ಸಂಕಲನಕಾರರು. ಅದಕ್ಕಿಂತ ಪ್ರಾಚೀನವಾದ ಹರಿಹರನ ರಗಳೆಯಲ್ಲಿ ಈ ಕಲ್ಯಾಣಯಾತ್ರೆಯೇ ಇಲ್ಲ. ಅಲ್ಲಿ ಅಕ್ಕಗಳು ನೇರವಾಗಿ ಶ್ರೀಶೈಲಕ್ಕೆ ನಡೆಯುವರು. ಆದಕಾರಣ ಪರೀಕ್ಷೆಯು ನಡೆದುದೇ ಸತ್ಯವೆಂದು ಚರಿತ್ರಕಾರನು ಸಾಧಿಸಲಾರನು. ಎರಡು ಕೃತಿಗಳೂ ಒಪ್ಪುವ ಸಂಗತಿಯೊಂದುಂಟು: ಚೆನ್ನಮಲ್ಲಿಕಾರ್ಜುನನೇ ಪತಿಯೆಂದರಿತು ಅಕ್ಕಗಳು ಕೌಶಿಕರಾಜನನ್ನು ತೊರೆದು ಹೊರಟಾಗ, ಆ ಅರಿವಿಗೆ ಸಮ್ಮತಿಯೀಯಲು ಯಾವ ಶರಣಸಭೆಯೂ ಅವರ ಮುಂದಿರಲಿಲ್ಲ.